ಹೊಡೆದ ಎಂಬ ಮಾತು

ಕನ್ನಡಿಯಲ್ಲಿ ಮುಖವನ್ನು ಎಷ್ಟು ತಿರುಗಿಸಿ ನೋಡಿದರೂ ಗುರುತು ಕಾಣಿಸಲಿಲ್ಲ. ಎಡಗೆನ್ನೆಯ ಮೂಳೆಯ ಮೇಲೆ ಬೆರಳಿಟ್ಟು ಒತ್ತಿದಳು. ನೋವೂ ಇಲ್ಲ. ಒಂದು ಕೆಂಪು ಗೆರೆಯೋ ಸಣ್ಣ ಊತವೋ ಇದ್ದಿದ್ದರೆ ರಾತ್ರಿ ಊಟದ ಹೊತ್ತಿಗೆ ಆಡಿದ ಮಾತಿಗೆ ಆಧಾರವಾದರೂ ಇರುತ್ತಿತ್ತಲ್ಲ ಎನಿಸಿತು. ಹಾಗೆ ಎನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಗಿ ನಲ್ಲಿ ತಿರುಗಿಸಿ ಮುಖಕ್ಕೆ ನೀರು ರಾಚಿಕೊಂಡಳು. ಅಡುಗೆಮನೆಯಲ್ಲಿ ಅಣ್ಣ ಪಾತ್ರೆ ತೊಳೆಯುತ್ತಿದ್ದ. ಅವನ ಕೈಗೆ ಸಿಕ್ಕಿದರೆ ಪಾತ್ರೆಗಳೂ ಒಂದರ ಮೇಲೊಂದು ಜಗಳಕ್ಕೆ ಬಿದ್ದಂತೆ ಸದ್ದು ಮಾಡುತ್ತವೆ. ಅತ್ತಿಗೆ ಮನೆಯಿಂದ ಹೊರಗೆ ಹಾಕಿದ ಮೇಲೆ ಬಟ್ಟೆಯ ಚೀಲ ಹಿಡಿದುಕೊಂಡು ಇಲ್ಲಿಗೆ ಬಂದವನು, ತಂಗಿಯ ಮನೆಯಲ್ಲಿ ಬಿಟ್ಟಿ ಕೂತು ತಿನ್ನುತ್ತಿಲ್ಲ ಎಂದು ತನಗೆ ತಾನೇ ತೋರಿಸಿಕೊಳ್ಳುವುದಕ್ಕೋ ಏನೋ, ಬೆಳಗಾದರೆ ಸಿಂಕಿನ ಮುಂದೆ ನಿಲ್ಲುತ್ತಾನೆ. ಲಾರಿಗೆ ಮೂಟೆ ಹೇರಿ ಹೇರಿ ಕೊರಡಾದ ಆ ಕೈಗಳಲ್ಲಿ ಲೋಟ ಮಗುವಿನ ಆಟಿಕೆಯ ಹಾಗೆ ಕಾಣುತ್ತದೆ. ಕೆಲವು ಆಗಲೇ ಒಡೆದಿವೆ. ಒಡೆದಾಗ ಅವನ ಮುಖ ಬಾಡುವುದನ್ನು ನೋಡಲಾರದೆ "ಹಳೇವು, ಬಿಡಣ್ಣ" ಎಂದಿದ್ದಳು.

"ನೋವಿದೆಯಾ?" ಅವನು ಬೆನ್ನು ತಿರುಗಿಸಿಕೊಂಡೇ ಕೇಳಿದ.

"ಏನು?"

"ಕೆನ್ನೆ."

"ಇಲ್ಲ. ಬಿಡು ಅದನ್ನ."

"ಬಿಡು ಅಂದ್ರೆ? ಯಾರೋ ಒಬ್ಬ ಮುಖಕ್ಕೆ ಕೈ ಮಾಡ್ತಾನೆ, ಬಿಡು ಅಂತೀಯಲ್ಲ."

ಈಗ ಹೇಳಬೇಕಿತ್ತು. ಅಣ್ಣ, ಅದು ಹಾಗಲ್ಲ, ಕೇಳಿಲ್ಲಿ ಎಂದು ಶುರುಮಾಡಿದ್ದರೆ ಎರಡು ಮಾತಿನಲ್ಲಿ ಮುಗಿದುಹೋಗುತ್ತಿತ್ತು. ಆದರೆ ಬ್ರೆಡ್ಡು ಸುಡುತ್ತಿತ್ತು, ಬಸ್ಸಿಗೆ ಹೊತ್ತಾಗಿತ್ತು, ಮತ್ತೆ ಅವನ ಬೆನ್ನು, ಬನಿಯನ್ನಿನ ಒಳಗೆ ಹೊಸೆದುಕೊಂಡು ಬಿಗಿಯುತ್ತಿದ್ದ ಆ ದೊಡ್ಡ ಬೆನ್ನು ತನ್ನ ಪರವಾಗಿ ಬಿಗಿಯುತ್ತಿದೆ ಎಂಬುದರಲ್ಲಿ ಒಂದು ಸುಖವಿತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಅವನು ಕೈ ಒರೆಸಿಕೊಳ್ಳುತ್ತ ಬಂದು "ಸಂಜೆ ಎಷ್ಟೊತ್ತಿಗೆ ಬಿಡ್ತೀಯ?" ಎಂದ. ಗೊತ್ತಿಲ್ಲ, ಇವತ್ತು ನಮ್ಮ ಲ್ಯಾಬು ನೋಡೋಕೆ ದೊಡ್ಡವರು ಬರ್ತಾರೆ ಎಂದಳು. "ಅವನೂ ಇರ್ತಾನಾ?" "ಅವನಿಲ್ಲದೆ ಅಲ್ಲಿ ಏನು ನಡೆಯುತ್ತೆ?" ಎಂದು ನಕ್ಕು ಮೆಟ್ಟಿಲು ಇಳಿದಳು. ಅರ್ಧ ಇಳಿದ ಮೇಲೆ, ತಾನು ಹರಟೆ ಹೊಡೆಯಲಿಲ್ಲ, ಗುಡುಗು ಎಲ್ಲಿ ಯಾವಾಗ ಸಿಗುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟೆ ಎಂದು ಹೊಳೆಯಿತು. ನಿಂತಳು. ಮತ್ತೆ ಇಳಿದಳು.

ನಿನ್ನೆ ಆದದ್ದು ಇಷ್ಟು. ಪ್ರಯೋಗಾಲಯದಲ್ಲಿ ಎಲ್ಲರೂ ಬೆನ್ನ ಹಿಂದೆ ಗುಡುಗು ಎಂದು ಕರೆಯುವ ಅವಳ ಮುಖ್ಯಸ್ಥ ಪರದೆಯ ಮೇಲಿನ ಗೆರೆ ನೋಡುತ್ತ ನಿಂತಿದ್ದ. ಅವಳು ಮೆಲ್ಲಗೆ, ಆಸ್ಪತ್ರೆಯಲ್ಲಿ ಸಂಬಂಧಿಕರಿಗೆ ಸುದ್ದಿ ಹೇಳುವವಳ ದನಿಯಲ್ಲಿ, ಈ ಸಲವೂ ಮಂಜು ನಿಲ್ಲಲಿಲ್ಲ ಸರ್ ಎಂದಳು. ಗುಡುಗು ಕೈಯಲ್ಲಿದ್ದ ದಪ್ಪ ಕೈಗವಸನ್ನು ಕಿತ್ತು, "ನಿನ್ನ ಕೈಯಲ್ಲಿ ಏನು ತಾನೇ ನಿಂತಿದೆ ಹೇಳು!" ಎಂದು ಮೇಜಿಗೆ ಬೀಸಿ ಎಸೆದ. ಕೈಗವಸು ಮೇಜಿನ ಅಂಚಿಗೆ ಬಡಿದು ಪುಟಿಯಿತು. ಪುಟಿದಾಗ ಅದರ ಬೆರಳಿನ ತುದಿ ಅವಳ ಕೆನ್ನೆಗೆ ಸವರಿ ಕೆಳಗೆ ಬಿತ್ತು. ಗುಡುಗು ಅದನ್ನು ನೋಡಲೂ ಇಲ್ಲ, ಆಗಲೇ ಬಾಗಿಲ ಬಳಿ ಇದ್ದ. ನೋಡಿದವನು ಪಂಪುಗಳನ್ನು ನೋಡಿಕೊಳ್ಳುವ ತಂತ್ರಜ್ಞ. ಬೇರೆಯವರು ಗಾಳಿ ಹಾಕಿ ಬದುಕ್ತಾರೆ, ನಾನು ಗಾಳಿ ತೆಗೆದು ಬದುಕ್ತೀನಿ ಎಂದು ದಿನಕ್ಕೊಂದು ಸಲ ಹೇಳಿ ತಾನೇ ನಗುವವನು. ಅವನು ನಗಲಿಲ್ಲ, ತನ್ನ ಬೂಟಿನ ತುದಿ ನೋಡಿಕೊಂಡ. ಕೈಗವಸಿಗಿಂತ ಆ ಬೂಟು ನೋಡಿಕೊಂಡದ್ದು ಅವಳಿಗೆ ಹೆಚ್ಚು ತಾಗಿತು. ಬಗ್ಗಿ ಕೈಗವಸನ್ನು ಎತ್ತಿ ಕೊಡವಿ ಮೊಳೆಗೆ ತೂಗುಹಾಕಿದಳು. ರಾತ್ರಿ ತಟ್ಟೆಯ ಮುಂದೆ ಅಣ್ಣ "ಯಾಕೆ ಮುಖ ಹಾಗಿದೆ?" ಎಂದಾಗ, ಮೇಜು ಅಂಚು ಪುಟಿತ ಎಂದೆಲ್ಲ ವಿವರಿಸುವುದು ದೊಡ್ಡ ಬೇಸರ ಎನಿಸಿ, "ಗುಡುಗು ಮುಖಕ್ಕೆ ಹೊಡೆದ" ಎಂದುಬಿಟ್ಟಳು. ಮಾತು ಬಾಯಲ್ಲಿ ಸಿದ್ಧವಾಗಿ ಕೂತಿತ್ತು. ಅಣ್ಣನ ತುತ್ತು ಅಲ್ಲೇ ನಿಂತಿತು. "ಕೈಯಲ್ಲಾ?" ಎಂದ. ಅವಳ ಬಾಯಿತುಂಬ ಅನ್ನವಿತ್ತು. ಹೂಂ ಎಂದು ತಲೆಯಾಡಿಸಿದಳು. ಕೂದಲೆಳೆಯ ಕೋಟಿ ಭಾಗದಷ್ಟು ತೂಕ ಹೆಚ್ಚುಕಡಿಮೆಯಾದರೆ ಇಡೀ ದಿನದ ಕೆಲಸವನ್ನು ಎತ್ತಿ ಎಸೆಯುವವಳು ತಾನು. ಆ ತಲೆಯನ್ನು ಎಷ್ಟು ಸಲೀಸಾಗಿ ಆಡಿಸಿದಳು.

ಇವತ್ತು ಬಸ್ಸಿನಲ್ಲಿ ಜಗಳ. ಸೀಟಿನ ಮೇಲೆ ಕರವಸ್ತ್ರ ಹಾಕಿದ್ದ ಬೊಕ್ಕತಲೆಯವನ ಪಕ್ಕದಲ್ಲಿ ಕರವಸ್ತ್ರ ಸರಿಸಿ ಒಬ್ಬ ಕೂತ. ನಿನ್ನಪ್ಪನ ಬಸ್ಸಾ ಎಂದು ಒಬ್ಬ, ಅಪ್ಪನ ಸುದ್ದಿಗೆ ಬರಬೇಡ ಎಂದು ಇನ್ನೊಬ್ಬ. ಯಾರೂ ನಿರೀಕ್ಷಿಸದೆ ಇದ್ದಾಗ ಕೂತವನು ಬೊಕ್ಕತಲೆಯನ್ನು ಚೆಂಡು ಹಿಡಿದಂತೆ ಹಿಡಿದು ಕಿಟಕಿಯ ಸರಳಿಗೆ ಬಡಿದ. ಟಣ್ ಎಂದಿತು. ಹೆಂಗಸರು ಕಿರುಚಿದರು. ಅವಳು ಕಿರುಚಲಿಲ್ಲ. ಹಣೆಯ ಮೇಲೆ ರಕ್ತ ಮೊದಲು ಮಣಿಯಾಗಿ ನಿಂತು, ಆಮೇಲೆ ದಾರಿ ಹುಡುಕಿಕೊಂಡು ಹುಬ್ಬಿಗಿಳಿದದ್ದನ್ನು ನೋಡುತ್ತಲೇ ಇದ್ದಳು. ಪಕ್ಕದ ಹುಡುಗಿ "ಅಯ್ಯೋ ನೋಡಬೇಡಿ ಆಂಟಿ" ಎಂದು ತೋಳು ಹಿಡಿದಾಗ, ತಾನು ಕಂಬಿ ಹಿಡಿದುಕೊಂಡು ತುದಿಗಾಲಲ್ಲಿ ನಿಂತಿರುವುದು ಅವಳಿಗೆ ಗೊತ್ತಾಯಿತು.

ಪ್ರಯೋಗಾಲಯದ ನಡುವೆ ಆಳೆತ್ತರದ ಉಕ್ಕಿನ ಪಾತ್ರೆ. ಒಳಗಿನ ಗಾಳಿಯನ್ನೆಲ್ಲ ಪಂಪಿನವನು ಎಳೆದು ಖಾಲಿ ಮಾಡುತ್ತಾನೆ. ಆ ಖಾಲಿಯೊಳಗೆ, ದ್ರವ ಹೀಲಿಯಂನಿಂದ ಕೊರೆಯುತ್ತಿರುವ ತಟ್ಟೆಯ ಮೇಲೆ, ಅವಳು ಹೈಡ್ರೋಜನ್ ಅನಿಲವನ್ನು ಉಸಿರಿನಷ್ಟು ಮೆಲ್ಲಗೆ ಬಿಡುತ್ತಾಳೆ. ತಾಗಿದ್ದೇ ಅದು ಹೆಪ್ಪುಗಟ್ಟಿ ಮಂಜಾಗುತ್ತದೆ. ತಟ್ಟೆಯ ನಡುವೆ ಗುಂಡಿಯಷ್ಟು ದೊಡ್ಡ ಹರಳಿನ ಬಿಲ್ಲೆ ಒಂದೇ ಸಮನೆ ನಡುಗುತ್ತಿರುತ್ತದೆ. ಮಂಜು ಕೂತರೆ ಭಾರಕ್ಕೆ ನಡುಕ ನಿಧಾನವಾಗುತ್ತದೆ, ಮಂಜು ಆವಿಯಾದರೆ ಚುರುಕಾಗುತ್ತದೆ. ಪರದೆಯ ಮೇಲಿನ ಗೆರೆ ಅದನ್ನೇ ಬರೆಯುತ್ತದೆ. ಈ ಗೆರೆಗಾಗಿ ಗುಡುಗು ತನ್ನ ಆಯುಷ್ಯವನ್ನೇ ಸುರಿದಿದ್ದ. ಗೆಲಾಕ್ಸಿಗಳು ಚದುರಿಹೋಗದಂತೆ ಹಿಡಿದಿಟ್ಟಿರುವ, ಯಾವ ದೂರದರ್ಶಕಕ್ಕೂ ಕಾಣದ ವಸ್ತು ಏನು ಎಂದು ಲೋಕವೆಲ್ಲ ಕೇಳುತ್ತಿದೆ. ಕಪ್ಪುದ್ರವ್ಯ ಎಂದು ಹೆಸರಿಟ್ಟು ಯಾವುದೋ ಹೊಸ ಕಣವನ್ನು ನೆಲದಡಿಯ ಗಣಿಗಳಲ್ಲಿ ಹುಡುಕುತ್ತಿದೆ. ಹೊಸದು ಯಾಕ್ರೀ ಬೇಕು, ಹಳೇ ಹೈಡ್ರೋಜನ್ನೇ ಸಾಕು ಎಂದವನು ಗುಡುಗು. ನಕ್ಷತ್ರಗಳ ನಡುವಿನ ಕತ್ತಲಲ್ಲಿ ಅನಿಲ ಹೆಪ್ಪುಗಟ್ಟಿ ಮಂಜಿನ ಹುಡಿಯಾಗಿ ಅವಿತು ಕೂತಿದೆ ಎಂಬುದು ಅವನ ವಾದ. ಅಲ್ಲಿ ಆ ಹುಡಿ ಬೇಗ ಆವಿಯಾಗಿಬಿಡುತ್ತದಲ್ಲ ಎಂದು ನಕ್ಕವರಿಗೆ ಅವನ ಉತ್ತರ: ಎಲೆಕ್ಟ್ರಾನುಗಳ ಏಟು ಬೀಳುತ್ತಲೇ ಇರುತ್ತದೆ, ಏಟು ಬಿದ್ದ ಮಂಜು ವಿದ್ಯುತ್ತನ್ನು ಹಿಡಿದುಕೊಂಡು ಬಿಗಿಯಾಗುತ್ತದೆ, ಹಾರುವುದಿಲ್ಲ. ಅವಳ ಕೆಲಸ ಅದನ್ನು ಪರೀಕ್ಷಿಸುವುದು. ಮಂಜು ಮಾಡು, ಎಲೆಕ್ಟ್ರಾನಿನ ಕೊಳವೆಯಿಂದ ಚಚ್ಚು, ಎಷ್ಟು ಹೊತ್ತು ನಿಲ್ಲುತ್ತದೆ ನೋಡು. ಚಚ್ಚದೆ ಬಿಟ್ಟ ಮಂಜಿನ ಜೊತೆ ಹೋಲಿಸು. ಇಲ್ಲಿಯವರೆಗೆ ಚಚ್ಚಿಸಿಕೊಂಡದ್ದು ಇನ್ನೂ ಬೇಗ ಹೋಗಿತ್ತು.

ಬಂದ ದೊಡ್ಡವರು ಮೂವರು. ಗುಡುಗು ಹೊಸ ಕೋಟು ತೊಟ್ಟಿದ್ದ. ತೋಳು ಸ್ವಲ್ಪ ಉದ್ದವಾಗಿ ಬೆರಳಿನ ಬುಡದವರೆಗೆ ಬಂದಿತ್ತು. ಅದನ್ನು ನೋಡಿ ಅವಳಿಗೆ ಒಂದು ಕ್ಷಣ ಅಯ್ಯೋ ಎನಿಸಿತು. ಯಾರೂ ಕೆಲಸ ಕೊಡದೆ ಇದ್ದಾಗ ಕರೆದು ಕೊಟ್ಟವನು ಇವನೇ. ದ್ರವ ಹೀಲಿಯಂ ಸುರಿಯುವುದನ್ನು, ಹೆದರಿ ನಡುಗುತ್ತಿದ್ದ ಅವಳ ಮಣಿಕಟ್ಟು ಹಿಡಿದು, ಬೈಯದೆ ಕಲಿಸಿದವನೂ ಇವನೇ. "ಇವರು ನಮ್ಮ ಫ್ರಿಜ್ಜಿನ ಯಜಮಾನಿ" ಎಂದು ಪರಿಚಯಿಸಿದ. ಮೂವರೂ ನಕ್ಕರು. ಅವಳೂ ನಕ್ಕಳು, ನಕ್ಕು ಮುಗಿಸುವಷ್ಟರಲ್ಲಿ ಅಯ್ಯೋ ಎನಿಸಿದ್ದೆಲ್ಲ ಕರಗಿಹೋಗಿತ್ತು. ಅವಳು ಪಾತ್ರೆಯ ಪುಟ್ಟ ಕಿಟಕಿಯ ಗಾಜಿನಿಂದ ಒಳಗಿನ ಮಂಜಿನ ಪದರ ಸಮವಾಗಿ ಕೂತಿದೆಯೇ ಎಂದು ನೋಡುತ್ತಿದ್ದಾಗ, ಅತಿಥಿಯೊಬ್ಬನಿಗೆ ಜಾಗ ಮಾಡಿಕೊಡಲು ಗುಡುಗು ಅವಳ ಕತ್ತಿನ ಹಿಂದೆ ಎರಡು ಬೆರಳಿಟ್ಟು ಪರದೆ ಸರಿಸುವ ಹಾಗೆ ಪಕ್ಕಕ್ಕೆ ಸರಿಸಿದ. ಮಾತನ್ನೂ ನಿಲ್ಲಿಸಲಿಲ್ಲ. ಸರಿದು ನಿಂತಳು. ಆ ಎರಡು ಬೆರಳಿನ ತಣ್ಣನೆ ಒತ್ತು ಕತ್ತಿನ ಕೂದಲಿನ ಬುಡದಲ್ಲಿ ಉಳಿದುಕೊಂಡಿತು. ಇದೂ ಹೊಡೆದದ್ದೇ, ನಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಎಂದು ವಾದ ಹೂಡಿದಳು. ಅತಿಥಿಯ ಉಸಿರಿನಿಂದ ಗಾಜು ಮಬ್ಬಾಯಿತು. "ಏನೂ ಕಾಣಿಸ್ತಿಲ್ಲವಲ್ಲ" ಎಂದ ಅವನಿಗೆ ಗುಡುಗು, "ಕಾಣಿಸಿದ್ರೆ ಅದು ಕಪ್ಪುದ್ರವ್ಯ ಯಾಕೆ ಆಗ್ತಿತ್ತು ಸರ್!" ಎಂದು ಕೋಣೆ ನಡುಗುವಂತೆ ನಕ್ಕ.

ಅವರೆಲ್ಲ ಊಟಕ್ಕೆ ಹೋದ ಮೇಲೆ ಅವಳೂ ಪಂಪಿನವನೂ ಉಳಿದರು. ಇದು ಕೊನೆಯ ಪರೀಕ್ಷೆ. ಗುಡುಗು ಕೇಳಿದಂತೆ ಕೊಳವೆಯ ಬಲವನ್ನು ಪೂರ್ತಿ ಏರಿಸಿದ್ದಳು. ಒಳಗೆ ಸದ್ದಿಲ್ಲದೆ ಬಡಿತ ಬೀಳುತ್ತಿತ್ತು. ಗೆರೆ ಸ್ವಲ್ಪ ಹೊತ್ತು ಮಲಗಿದಂತಿತ್ತು, ಆಮೇಲೆ ಏರತೊಡಗಿತು. ಅತ್ತಿಗೆ ಒಂದು ದಿನ ಇದೇ ಹೊತ್ತಿನಲ್ಲಿ ಗೇಟಿನ ಹತ್ತಿರ ಬಂದು ಕಾದಿದ್ದಳು. ಒಂದು ಕಣ್ಣು ಮುಚ್ಚಿಹೋಗಿತ್ತು, ರೆಪ್ಪೆ ನೇರಳೆ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. "ನೀನೊಂದು ಮಾತು ಹೇಳು, ನಿನ್ನ ಮಾತು ಕೇಳ್ತಾರೆ" ಎಂದಳು. ಅವಳು ಅತ್ತಿಗೆಗೆ ಕಾಫಿ ಕುಡಿಸಿ, "ಅಣ್ಣನ ಮನಸ್ಸು ಒಳ್ಳೇದು ಅತ್ತಿಗೆ, ಸ್ವಲ್ಪ ಸಹಿಸಿಕೊಳ್ಳಿ" ಎಂದು ಕಳಿಸಿದ್ದಳು. ಅತ್ತಿಗೆ ಕಾಫಿಯ ಕಪ್ಪನ್ನು ಕೆಳಗಿಟ್ಟು, ತೆರೆದಿದ್ದ ಕಣ್ಣಿನಿಂದ ಅವಳನ್ನು ನೋಡಿ, "ನಿನಗೆ ಅವರು ಹೊಡೆದಿಲ್ಲವಲ್ಲ, ಅದಕ್ಕೆ" ಎಂದಿದ್ದಳು. ಮತ್ತೆಂದೂ ಕೇಳಿಕೊಂಡು ಬರಲಿಲ್ಲ. ಪರದೆಯ ಮೇಲಿನ ಗೆರೆ ಏರಿ, ಬಾಗಿ, ಖಾಲಿ ಬಿಲ್ಲೆಯ ಮಟ್ಟ ತಲುಪಿ ನಿಂತುಬಿಟ್ಟಿತು.

"ಮುಗೀತಾ?" ಎಂದ ಪಂಪಿನವನು.

"ಮುಗೀತು."

"ಏನಾದ್ರೂ ಉಳೀತಾ?"

ಅವಳು ಉತ್ತರಿಸುವ ಮೊದಲೇ ಫೋನು. ಗುಡುಗಿನ ದನಿಯಲ್ಲಿ ಗುಡುಗಿರಲಿಲ್ಲ. "ಇವರನ್ನ ಈಗ ಬೀಳ್ಕೊಟ್ಟೆ ಕಣಮ್ಮ. ಕಾರಿನ ಹತ್ತಿರ ಇದೀನಿ. ಫೋನಲ್ಲಿ ಹೇಳಬೇಡ, ಕೆಳಗೆ ಬಂದು ಹೇಳು." ಮೇಲೆ ಬರಲು ಅವನಿಗೆ ಹೆದರಿಕೆ ಎಂದು ಅವಳಿಗೆ ತಿಳಿಯಿತು. ಹೊರಡುವ ಮುನ್ನ ಕಾರಿಡಾರಿನ ಕಿಟಕಿಯಿಂದ ಕೆಳಗೆ ನೋಡಿದಳು. ಸಂಜೆಯ ಇಳಿಬಿಸಿಲಿನಲ್ಲಿ ಕಾರುಗಳ ಸಾಲು. ಕೊನೆಯ ಕಾರಿಗೆ ಒರಗಿ ಗುಡುಗು, ಕೋಟಿನ ತೋಳನ್ನು ಮೇಲೆ ಎಳೆದುಕೊಳ್ಳುತ್ತಿದ್ದ. ಸಾಲಿನ ಈ ತುದಿಯಲ್ಲಿ, ಕಂಬದ ಮರೆಯಲ್ಲಿ, ಅಣ್ಣ. ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ. ಹಿಂದೊಮ್ಮೆ ಅವಳಿಗೆ ಊಟದ ಡಬ್ಬಿ ಕೊಡಲು ಬಂದಾಗ ಗುಡುಗು ಅವನನ್ನು ಡ್ರೈವರ್ ಎಂದುಕೊಂಡು ಕೀಲಿಕೈ ಚಾಚಿ "ಗಾಡಿ ಹಿಂದಕ್ಕೆ ತೆಗಿ" ಎಂದಿದ್ದ. ಅಣ್ಣ ಮರುಮಾತಾಡದೆ ತೆಗೆದು ನಿಲ್ಲಿಸಿ ಕೀಲಿ ಕೊಟ್ಟು ಬಂದಿದ್ದ. ಆ ರಾತ್ರಿ ಇಬ್ಬರೂ ಅದನ್ನೇ ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕಿದ್ದರು. ಈಗ ಕಿಟಕಿ ತೆರೆದು ಅಣ್ಣಾ ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಫೋನು ಕೈಯಲ್ಲೇ ಇತ್ತು. ಅವಳು ಕೈ ತೊಳೆಯುವ ಕೋಣೆಗೆ ಹೋದಳು. ಸೋಪು ಹಚ್ಚಿ, ಉಗುರಿನ ಸಂದು, ಬೆರಳಿನ ಗೆಣ್ಣು, ಮುಂಗೈ, ಎಲ್ಲ ತೊಳೆದು, ಒಣಗಿಸಿಕೊಂಡು, ಲಿಫ್ಟು ಖಾಲಿಯಿದ್ದರೂ ಮೆಟ್ಟಿಲಿನಿಂದ ಇಳಿದಳು.

ಅವಳು ಹೊರಬಾಗಿಲಿಗೆ ಬಂದಾಗ ಅಣ್ಣ ಗುಡುಗಿನ ಮುಂದೆ ನಿಂತಿದ್ದ. "ಸರ್, ಒಂದ್ನಿಮಿಷ" ಎಂದದ್ದು ಕೇಳಿಸಿತು. ಗುಡುಗು ಅವನ ಮುಖವನ್ನು ಎಲ್ಲೋ ನೋಡಿದಂತೆ ನೋಡಿ, ನೆನಪಾಗಿ, ಜೇಬಿನಿಂದ ಕೀಲಿಕೈ ತೆಗೆದು ಚಾಚಿದ. ಅಣ್ಣ ಕೀಲಿ ತೆಗೆದುಕೊಳ್ಳಲಿಲ್ಲ. ಹೊಟ್ಟೆಗೆ ಗುದ್ದಿದ. ಗುಡುಗು ಯಾರಿಗೋ ನಮಸ್ಕಾರ ಮಾಡುವಂತೆ ಮುಂದಕ್ಕೆ ಬಾಗಿದ. ಬಾಗಿದ ಮುಖಕ್ಕೆ ಕೆಳಗಿನಿಂದ ಮೊಣಕಾಲು. ಹಲ್ಲಿನ ಸದ್ದು ಹೊರಬಾಗಿಲವರೆಗೆ ಬಂತು. ಕಾರಿನ ಬಾಗಿಲಿಗೆ ಬೆನ್ನು ಒರೆಸುತ್ತ ಜಾರಿ, ಕಾರಿಗೂ ಗೋಡೆಗೂ ನಡುವೆ ಅವನು ಸಿಕ್ಕಿಕೊಂಡ. ಅಣ್ಣ ಬೈಯುತ್ತಿರಲಿಲ್ಲ, ಏದುಸಿರು ಬಿಡುತ್ತಿರಲಿಲ್ಲ. ಮೂಟೆ ಹೇರುವವನ ಲಯದಲ್ಲಿ, ಅವಸರವಿಲ್ಲದೆ, ಕೋಟಿನ ಕಾಲರು ಹಿಡಿದು ಎತ್ತಿ ಹೊಡೆಯುತ್ತಿದ್ದ, ಬಿಟ್ಟು ಒದೆಯುತ್ತಿದ್ದ, ಮತ್ತೆ ಎತ್ತುತ್ತಿದ್ದ. ತಲೆ ಗೋಡೆಗೆ ತಾಗಿ ಬಣ್ಣದ ಮೇಲೆ ಕೆಂಪು ಗೀಚು ಬಿತ್ತು. "ಕಣ್ಣು, ಕಣ್ಣು" ಎಂದು ಗುಡುಗು ಕೂಗಿದ. ಆ ಕೂಗು ಮಕ್ಕಳ ಕೂಗಿನ ಹಾಗೆ ತೆಳುವಾಗಿತ್ತು. ಅವಳ ಎದೆಯೊಳಗೆ ಏನೋ ಬಿಚ್ಚಿಕೊಂಡು ಬೆಚ್ಚಗೆ ಹೊಟ್ಟೆಗಿಳಿಯಿತು. ಹೌದು, ಕತ್ತಿನ ಮೇಲಿನ ಎರಡು ಬೆರಳಿಗೆ ಅದು, ಫ್ರಿಜ್ಜಿಗೆ ಇದು, ಎಂದು ಯಾರೋ ಒಳಗೆ ಕೂತು ಹಂಚುತ್ತಿದ್ದರು. ಗೇಟಿನಿಂದ ಕಾವಲುಗಾರ ಓಡಿಬರುವುದು ಕಂಡ ಮೇಲೆಯೇ ಅವಳು "ಅಣ್ಣ, ಸಾಕು" ಎಂದಳು. ಅಣ್ಣ ತಟ್ಟನೆ ನಿಲ್ಲಿಸಿದ. ಅವಳ ಒಂದು ಮಾತಿಗೆ, ಸ್ವಿಚ್ಚು ಒತ್ತಿದಂತೆ ನಿಲ್ಲಿಸಿದ. ತಿರುಗಿ, ಗೆಣ್ಣುಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಅವಳನ್ನು ನೋಡಿದ. ಏನೋ ಕಷ್ಟಪಟ್ಟು ತಂದುಕೊಟ್ಟವನ ಮುಖವಾಗಿತ್ತು ಅದು.

ಅವಳು ಗುಡುಗಿನ ಪಕ್ಕ ಮೊಣಕಾಲೂರಿದಳು. ಒಂದು ಕಣ್ಣಿನ ಜಾಗದಲ್ಲಿ ರಕ್ತ ತುಂಬಿಕೊಂಡಿತ್ತು. ದವಡೆ ಪಕ್ಕಕ್ಕೆ ಸರಿದಿತ್ತು. ತುಟಿ ಅಲ್ಲಾಡುತ್ತಿತ್ತು, ನೀರು ಕೇಳುತ್ತಿದ್ದಾನೆ ಎಂದುಕೊಂಡು ಕಿವಿ ಹತ್ತಿರ ಹಿಡಿದಳು.

"ಮಂಜು," ಎಂದ ಅವನು. ಉಗುಳಿನೊಡನೆ ರಕ್ತ ಗುಳ್ಳೆಯಾಗಿ ಒಡೆಯಿತು. "ಎಷ್ಟು ಉಳೀತು?"

ಯಾಕೆ ಹೊಡೆದರು, ಯಾರು ಇವನು ಎಂದು ಕೇಳಲಿಲ್ಲ. ನಾಳೆ ಹೇಳ್ತೀನಿ ಸರ್ ಎನ್ನಬಹುದಿತ್ತು. ಸುಮ್ಮನೆ ಕೈ ಹಿಡಿದುಕೊಳ್ಳಬಹುದಿತ್ತು. ಅವಳು ಅವನ ಕಿವಿಗೆ ಬಾಯಿಟ್ಟು, ಒಂದೊಂದು ಅಕ್ಷರವೂ ಸರಿಯಾಗಿ ಕೇಳಿಸುವಂತೆ, "ಏನೂ ಉಳಿಯಲಿಲ್ಲ" ಎಂದಳು. ಉಳಿದ ಒಂದು ಕಣ್ಣು ಅವಳ ಮೇಲೆ ನಿಂತು, ನಿಧಾನವಾಗಿ ಮುಚ್ಚಿಕೊಂಡಿತು. ಆಗ ಅವಳ ಹೊಟ್ಟೆಯಲ್ಲಿದ್ದ ಬೆಚ್ಚನೆಯದು ಬಾಯಿಗೆ ಬಂತು. ಕಾರಿನ ಚಕ್ರದ ಪಕ್ಕ ವಾಂತಿ ಮಾಡಿಕೊಂಡಳು.

ಠಾಣೆಯ ಬೆಂಚು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದು. ಅಣ್ಣ ಎದುರಿನ ಕುರ್ಚಿಯಲ್ಲಿ, ಇಬ್ಬರು ಪೇದೆಗಳ ನಡುವೆ, ಆರಾಮವಾಗಿಯೇ ಕೂತಿದ್ದ. ಓಡಿಹೋಗಿರಲಿಲ್ಲ, ಕಾವಲುಗಾರನ ಮುಂದೆ ತಾನೇ ಎರಡೂ ಕೈ ಚಾಚಿದ್ದ. ಅವಳನ್ನು ನೋಡಿ ಹೆದರಬೇಡ ಎಂಬಂತೆ ಗದ್ದ ಎತ್ತಿದ. ಅವನು ಹಿಂದೊಮ್ಮೆ ಇದೇ ರೀತಿ ಗದ್ದ ಎತ್ತಿದ್ದು, ಅವಳು ಎರಡು ಜಡೆ ಹಾಕಿಕೊಳ್ಳುತ್ತಿದ್ದಾಗ. ಅಪ್ಪ ಉಂಗುರ ತೊಟ್ಟ ಕೈಯಿಂದ ಬಾಯಿಗೆ ಬಾರಿಸಿದ್ದ. ತುಟಿ ಸೀಳಿತ್ತು, ಉಂಗುರದ ಹರಳು ಹಲ್ಲಿಗೆ ತಾಗಿದ ಸದ್ದು ತಲೆಯೊಳಗೆ ಕೇಳಿಸಿತ್ತು. ಅವಳು ಬಾಯಿ ಮುಚ್ಚಿಕೊಂಡು, ಬೆರಳ ಸಂದಿನಿಂದ ರಕ್ತ ಸುರಿಸುತ್ತ, ದಿನಾ ಶಾಲೆಯಿಂದ ಬಂದು ಅಣ್ಣ ಕೆಲಸ ಮಾಡುತ್ತಿದ್ದ ಗ್ಯಾರೇಜಿನವರೆಗೆ ಓಡಿದ್ದಳು. "ಅಪ್ಪ ಹೊಡೆದ" ಎಂದಿದ್ದಳು. ಮೀಸೆ ಇನ್ನೂ ಸರಿಯಾಗಿ ಬರದ ಅಣ್ಣ ಸ್ಪಾನರು ಕೆಳಗಿಡದೆ ಹಾಗೇ ಬಂದ. ಅಪ್ಪನ ಮೊಣಕೈ ಆಮೇಲೆ ಎಂದೂ ನೇರವಾಗಲಿಲ್ಲ. ಅಪ್ಪ ಮನೆ ಬಿಟ್ಟುಹೋದ. ಅಣ್ಣ ಶಾಲೆಗೆ ಮತ್ತೆ ಹೋಗಲಿಲ್ಲ, ಅವಳು ಓದಿದಳು. ಅವನ ಮದುವೆಯಲ್ಲಿ ಯಾರೋ ನಿನ್ನ ಜೀವನದಲ್ಲಿ ನೀನು ಮಾಡಿದ ಒಳ್ಳೆ ಕೆಲಸ ಏನಪ್ಪ ಎಂದು ತಮಾಷೆಗೆ ಕೇಳಿದಾಗ, ಅವನು ಯೋಚಿಸಲೂ ಇಲ್ಲ, "ನಮ್ಮಪ್ಪನ ಕೈ ಮುರಿದದ್ದು" ಎಂದು ಎಲ್ಲರನ್ನೂ ನಗಿಸಿದ್ದ.

ಅಧಿಕಾರಿ ನಡುವಯಸ್ಸಿನ ಹೆಂಗಸು. ನೆಗಡಿಯಾಗಿ ಮೂಗು ಕೆಂಪಾಗಿತ್ತು. ಫೋನು ಕೆಳಗಿಟ್ಟು ಅವಳ ಕಡೆ ತಿರುಗಿದಳು. "ಆಪರೇಷನ್ನಿಗೆ ಒಳಗೆ ಕರಕೊಂಡು ಹೋಗಿದಾರೆ. ಒಂದು ಕಣ್ಣಂತೂ ಹೋಯ್ತಂತೆ. ಬದುಕಿದ್ರೆ ಒಂದು ಕೇಸು, ಇಲ್ಲದಿದ್ರೆ ಇನ್ನೊಂದು. ನಿಮ್ಮಣ್ಣ ಹೇಳ್ತಾನೆ, ಆ ಮನುಷ್ಯ ನಿಮ್ಮ ಮೇಲೆ ಕೈ ಮಾಡಿದ್ರಂತೆ. ಹೌದಾ? ನೋಡಿ, ಹೌದು ಅಂದ್ರೆ ಇವನಿಗೂ ಸ್ವಲ್ಪ ಹಗುರವಾಗುತ್ತೆ. ಅದಕ್ಕೇ ಕೇಳ್ತಿರೋದು."

"ಹೇಳು" ಎಂದ ಅಣ್ಣ. "ಹೆದರಬೇಡ, ಹೇಳು."

ಹೌದು ಎನ್ನುವುದು ಎಷ್ಟು ಸುಲಭವಿತ್ತು. ಪಂಪಿನವನು ಹೇಗೂ ಬೂಟು ನೋಡಿಕೊಳ್ಳುವವನು, ಯಾರ ವಿರುದ್ಧವೂ ಬಾಯಿ ಬಿಡುವವನಲ್ಲ. ದವಡೆ ಮುರಿದುಕೊಂಡವನು ಇಲ್ಲ ಎನ್ನುವುದಕ್ಕೂ ತಿಂಗಳುಗಳು ಬೇಕು. ಆದರೆ ಮುಚ್ಚಿಕೊಂಡ ಆ ಕಣ್ಣು ಅವಳ ಎದುರಿಗಿತ್ತು. ಅತ್ತಿಗೆಯ ಕಣ್ಣೂ ಇತ್ತು.

"ಕೈಗವಸು ಎಸೆದರು" ಎಂದಳು. "ಮೇಜಿಗೆ. ಅದು ಪುಟಿದು ಇಲ್ಲಿ ತಾಗಿತು."

"ಅಂದ್ರೆ ಹೊಡೆದ್ರೋ, ಇಲ್ಲವೋ?"

"ಹೊಡೀಲಿಲ್ಲ."

"ಮತ್ತೆ ಇವನಿಗೆ ಏನಂತ ಹೇಳಿದಿರಿ?"

"ಹೊಡೆದರು ಅಂತ."

ಅಣ್ಣ ನಕ್ಕ. ಪೊಲೀಸರ ಮುಂದೆ ತಂಗಿ ಯಾವುದೋ ಜಾಣತನ ಮಾಡುತ್ತಿದ್ದಾಳೆ, ತನಗಿನ್ನೂ ಅರ್ಥವಾಗಿಲ್ಲ ಎನ್ನುವ ನಗು. ಅದು ಮುಖದ ಮೇಲೆ ಸ್ವಲ್ಪ ಹೊತ್ತು ಅನಾಥವಾಗಿ ನಿಂತಿತ್ತು. "ಕೈಯಲ್ಲಾ ಅಂತ ಕೇಳಿದ್ನಲ್ಲ ನಾನು" ಎಂದ. "ನೀನು ಹೂಂ ಅಂದೆ."

"ಅಂದೆ."

"ಯಾಕೆ?"

ಬಾಯಿಗೆ ಬಂದ ಉತ್ತರಗಳನ್ನೆಲ್ಲ ನುಂಗಿ, ಉಳಿದ ಒಂದನ್ನು ಹೇಳಿದಳು. "ನೀನು ಹೊಡೀಲಿ ಅಂತ."

ಅವನು ಎದ್ದದ್ದು ಯಾರಿಗೂ ಕಾಣಲಿಲ್ಲ. ಹುಟ್ಟಿದಾಗಿನಿಂದ ಒಂದು ಸಲವೂ ಅವಳ ಮೇಲೆ ಏಳದ ಕೈ ಪೂರ್ತಿ ಬೀಸಿ ಬಂತು. ಬೆಂಚು, ಗೋಡೆ, ನೆಲ ಒಂದರ ಹಿಂದೆ ಒಂದು ತಲೆಗೆ ಬಡಿದವು. ಕಿವಿಯೊಳಗೆ ಕೀರಲು ಸದ್ದು; ನಾಲಿಗೆಯ ಮೇಲೆ ಬಿಸಿಯಾಗಿ, ಉಪ್ಪುಪ್ಪಾಗಿ ಒಂದು ಹಲ್ಲು. ಎದೆಯ ಮೇಲೆ ಅವನ ಮೊಣಕಾಲಿತ್ತು, ಇನ್ನೊಂದು ಏಟು ಬೀಳುವ ಮುನ್ನ ಪೇದೆಗಳು ಅವನನ್ನು ಎಳೆದರು. ಆಮೇಲೆ ಲಾಠಿಗಳು. ಹೆಗಲಿಗೆ, ತೊಡೆಗೆ, ಮಣಿಕಟ್ಟಿಗೆ. ಹಸಿ ಕಟ್ಟಿಗೆ ಒಡೆಯುವ ಸದ್ದು. ಅವನು ಗೋಡೆಯ ಬುಡಕ್ಕೆ ಕುಸಿದ. ತಲೆಗೆ ಕೈ ಅಡ್ಡ ಹಿಡಿಯಲಿಲ್ಲ. "ಸಾಕು, ನಿಲ್ಲಿಸ್ರೋ!" ಎಂದು ಅಧಿಕಾರಿ ಕೂಗಿದ ಮೇಲೂ ಎರಡು ಬಿದ್ದವು. ಅವನು ಅವಳನ್ನೇ ನೋಡುತ್ತಿದ್ದ.

"ಹಾಗಾದ್ರೆ ಅಪ್ಪ?" ಎಂದ.

ಅವಳಿಗೆ ಮೊದಲು ಅರ್ಥವಾಗಲಿಲ್ಲ.

"ಅವತ್ತು ಅಪ್ಪ ನಿನಗೆ ಹೊಡೆದದ್ದು. ಅದೂ..."

"ಅದು ನಿಜ" ಎಂದಳು. ಒಡೆದ ಬಾಯಿಂದ ಮಾತು ತೊದಲಾಗಿ ಬಂತು; ತನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು. ತೆವಳಿಕೊಂಡು ಅವನ ಹತ್ತಿರ ಹೋದಳು. "ಅದು ನಿಜ ಅಣ್ಣ. ದೇವರಾಣೆಗೂ ನಿಜ. ಉಂಗುರದ ಕೈಯಲ್ಲಿ. ತುಟಿ ಸೀಳಿತ್ತಲ್ಲ, ನೀನೇ ನೋಡಿದೆಯಲ್ಲ, ರಕ್ತ ನೋಡಿದೆಯಲ್ಲ." ಅವನು ಕೇಳಿಸಿಕೊಂಡ. ಪೂರ್ತಿ ಕೇಳಿಸಿಕೊಂಡು, ಅಂಗಡಿಯವನು ಇಲ್ಲದ ಸಾಮಾನಿಗೆ ಬಂದ ಗಿರಾಕಿಯನ್ನು ನೋಡುವಂತೆ ನೋಡಿ, ಹೌದು ಹೌದು ಎಂದು ತಲೆಯಾಡಿಸಿದ. ಆಮೇಲೆ ಅಧಿಕಾರಿಯ ಕಡೆ ತಿರುಗಿ, ಇಷ್ಟು ಹೊತ್ತೂ ಇಲ್ಲದ ಮರ್ಯಾದೆಯಿಂದ, "ಮೇಡಂ, ಇವಳನ್ನ ಹೊರಗೆ ಕಳಿಸಿ" ಎಂದ.

ಒಬ್ಬ ಪೇದೆ ಅವಳ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ನಡೆಸಿದ. ಬಾಯಿಗೆ ಒತ್ತಿಕೊಳ್ಳಲು ಒಂದು ಬಟ್ಟೆ ಕೊಟ್ಟ. ಎದುರಿಗೆ ಆಸ್ಪತ್ರೆ ಇದೆ, ಹೋಗಿ ತೋರಿಸಿಕೊಳ್ಳಿ, ನಾಳೆ ಬನ್ನಿ ಎಂದ. ಬಾಗಿಲು ಮುಚ್ಚಿತು. ರಸ್ತೆಯಲ್ಲಿ ವಾಹನಗಳು ದೀಪ ಹಚ್ಚಿಕೊಂಡು ಓಡುತ್ತಿದ್ದವು, ಪಕ್ಕದ ಸೈಕಲ್ ಅಂಗಡಿಯವನು ಕಬ್ಬಿಣದ ಬಾಗಿಲು ಎಳೆಯುತ್ತಿದ್ದ. ಅವಳು ಒಂದು ಮೆಟ್ಟಿಲು ಇಳಿದಳು. ಒಳಗಿನಿಂದ ಮತ್ತೆ ಸದ್ದು ಬಂತು. ಅಣ್ಣ ಏನೋ ಮಾಡಿರಬೇಕು, ಅಥವಾ ಏನೂ ಮಾಡಿರಲಿಕ್ಕಿಲ್ಲ, ಲಾಠಿ ಬೀಳುತ್ತಿತ್ತು. ಅವನ ಬಾಯಿಂದ ಒಂದು ಶಬ್ದವೂ ಇಲ್ಲ. ತಿರುಗಿ ಬಂದು ಬಾಗಿಲನ್ನು ತಳ್ಳಿದಳು, ತೆರೆಯಲಿಲ್ಲ. ಅಂಗೈಯಿಂದ ತಟ್ಟಿದಳು. "ಅದು ನಿಜ!" ಎಂದು ಕೂಗಿದಳು. "ಅಣ್ಣ, ಅದು ನಿಜ!" ಸೈಕಲ್ ಅಂಗಡಿಯವನು ತಿರುಗಿ ನೋಡಿದ. ಅವಳು ಮುಷ್ಟಿ ಕಟ್ಟಿದಳು. ಹೆಬ್ಬೆರಳನ್ನು ಒಳಗೆ ಮಡಿಸಬೇಕೋ ಹೊರಗೆ ಬಿಡಬೇಕೋ ಗೊತ್ತಿರಲಿಲ್ಲ. ಈವರೆಗೆ ಯಾವುದಕ್ಕೂ ಅವಳು ಗುದ್ದಿದವಳಲ್ಲ. ಹೇಗೋ ಕಟ್ಟಿ ಬಾಗಿಲಿಗೆ ಗುದ್ದಿದಳು. ಗೆಣ್ಣಿನ ಚರ್ಮ ಕಿತ್ತುಬಂದರೂ ನಿಲ್ಲಿಸದೆ, ಒಳಗಿನ ಸದ್ದು ನಿಂತಮೇಲೂ ನಿಲ್ಲಿಸದೆ, ಗುದ್ದುತ್ತಲೇ ಇದ್ದಳು.